ಬ್ರೀದರಿನ ಬಾಯಿ

ಆಗಸ್ಟ್ 19, ಶುಕ್ರವಾರ

ಶಾಲೆಗೆ ರಜೆ. ಉತ್ತರಪತ್ರಿಕೆಗಳ ಕಟ್ಟು ನಿನ್ನೆ ಮುಗಿಯಿತು. ಇನ್ನು ಅಮ್ಮನ ಲಾರಿಯ ಕಡೆ ನೋಡಲೇಬೇಕು. ಅಮ್ಮ ತೀರಿಕೊಂಡು ವರ್ಷವಾಯಿತು, ವರ್ಷದ ಕಾರ್ಯವೂ ಆಯಿತು. ನನ್ನ ಹತ್ತಿರ ನೆಪಗಳು ಉಳಿದಿಲ್ಲ.

ಲಾರಿ ವಾರಕ್ಕೆ ಎರಡು ಸಲ ಎಜುರಾದಿಂದ ನಮ್ಮೂರು ಕುಮಾಸಿಗೆ ಯಾಮ್ ಗೆಡ್ಡೆ ತರುತ್ತದೆ. ಡ್ರೈವರ್ ಬೆದಿಯಾಕೊ ಅಮ್ಮನ ಕಾಲದವನು, ಹದಿನೆಂಟು ವರ್ಷದಿಂದ ಇದೇ ಲಾರಿ. ಮೊದಲು ತಿಂಗಳಿಗೊಂದು ಕ್ಯಾನ್ ಎಂಜಿನ್ ಆಯಿಲ್ ಸಾಕಾಗುತ್ತಿತ್ತು. ಈಗ ಪ್ರತಿ ಟ್ರಿಪ್ಪಿಗೂ ಒಂದು ಕೇಳುತ್ತಾನೆ.

"ಅಷ್ಟು ಆಯಿಲ್ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದೆ.

"ಎಂಜಿನ್ನೇ ಕುಡೀತಿದೆ ಮೇಡಂ. ವಯಸ್ಸಾಯ್ತಲ್ಲ. ಕೆಲವರು ವಯಸ್ಸಾದ ಮೇಲೇ ಕುಡಿಯೋಕೆ ಶುರು ಮಾಡ್ತಾರೆ."

ಅವನು ನಕ್ಕ. ನಾನು ನಗಲಿಲ್ಲ.

ಸುವಾಮೆ ಮ್ಯಾಗಜೀನ್ ಎಂಬ ರಿಪೇರಿ ಪೇಟೆಗೆ ಕರೆದುಕೊಂಡು ಹೋದ. ಆ ಗ್ಯಾರೇಜುಗಳ ಕಾಡಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅಮ್ಮ ವಾರಕ್ಕೊಮ್ಮೆ ಹೋಗುತ್ತಿದ್ದಳು. ಅಲ್ಲಿನ ಮೆಕ್ಯಾನಿಕ್ ಜೆಬಿ ಮೇಸ್ತ್ರಿ ನಮ್ಮ ಎಂಜಿನ್ನಿನ ಪಕ್ಕದ ಒಂದು ಡಬ್ಬಿ ತೋರಿಸಿ ಹೇಳಿದ: "ಎಂಜಿನ್ ಹೊಟ್ಟೇಲಿ ಹೊಗೆ ಹುಟ್ಟುತ್ತೆ ಮೇಡಂ. ಆ ಹೊಗೇಲಿ ಆಯಿಲ್ ತುಂತುರು ಸೇರ್ಕೊಂಡಿರುತ್ತೆ. ಈ ಸೆಪರೇಟರ್ ಇದೆಯಲ್ಲ, ಇದು ಆಯಿಲನ್ನ ಹಿಡಿದು ವಾಪಸ್ ಕೆಳಗೆ ಕಳಿಸುತ್ತೆ, ಬರೀ ಹೊಗೇನ ಬ್ರೀದರ್ ಪೈಪಲ್ಲಿ ಆಚೆ ಬಿಡುತ್ತೆ. ನಿಮ್ಮದು ಸತ್ತಿದೆ. ಹೊಗೆ ಜೊತೆ ಆಯಿಲೂ ಆಚೆ."

ಹಳೆಯದೊಂದನ್ನು ರಾಜಧಾನಿ ಅಕ್ರಾದಿಂದ ತರಿಸಿದರೆ ನನ್ನ ಒಂದು ತಿಂಗಳ ಸಂಬಳ. ಇಲ್ಲೇ ಮಾಡಿಕೊಡಲಾ ಎಂದೂ ಕೇಳಿದ. ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಒಬ್ಬ ಕಾಯಿಲೆ ಹೇಳುತ್ತಾನೆ, ಇನ್ನೊಬ್ಬ ಮದ್ದು ಮಾರುತ್ತಾನೆ, ಇಬ್ಬರೂ ಹಳೇ ಗೆಳೆಯರು. ನಾನು ಚರಿತ್ರೆ ಕಲಿಸುವವಳು. ಒಂದೇ ತಟ್ಟೆಯಲ್ಲಿ ಉಣ್ಣುವ ಇಬ್ಬರು ಸಾಕ್ಷಿಗಳು ಒಬ್ಬ ಸಾಕ್ಷಿಗೆ ಸಮ ಎಂದು ಹುಡುಗಿಯರಿಗೆ ಹೇಳುತ್ತೇನೆ. ಬಡವನೆಂಬ ಕಾರಣಕ್ಕೆ ಬೆದಿಯಾಕೊನನ್ನು ಸಂಶಯಿಸುತ್ತಿದ್ದೇನೆಯೇ? ಇಲ್ಲ ಅನ್ನಿಸುತ್ತದೆ. ಆದರೂ ಪ್ರಶ್ನೆಯನ್ನು ಬರೆದಿಡುತ್ತೇನೆ.

ಆಗಸ್ಟ್ 23, ಮಂಗಳವಾರ

ಸೋದರಮಾವ ಆಂಟ್ವಿ ಬಂದಿದ್ದರು. ಫುಫು ಮುದ್ದೆ, ಆಡಿನ ಮಾಂಸದ ಸಾರು. ಊಟದ ನಂತರ ಲಾರಿ ನೋಡಲು ಬೆದಿಯಾಕೊನ ಮನೆಯ ಹತ್ತಿರ ಹೋದೆವು. ಲಾರಿಯ ಹೊಟ್ಟೆಯಡಿ ಒಂದು ರಬ್ಬರ್ ಪೈಪು ಇಳಿಬಿದ್ದಿತ್ತು. ಅದರ ಬಾಯಿಯ ಕೆಳಗೆ ಒಂದು ಹಾಲಿನ ಪುಡಿಯ ಡಬ್ಬ. ಡಬ್ಬದಲ್ಲಿ ಕಪ್ಪು ಆಯಿಲ್.

"ನೋಡು," ಮಾವ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. "ಹಸು ನಮ್ಮದು, ಹಾಲು ಇವನದು."

ಏಕೆ ಡಬ್ಬ ಇಟ್ಟಿದ್ದೀಯ ಎಂದು ಬೆದಿಯಾಕೊನನ್ನು ಕೇಳಿದೆ.

"ಅಂಗಳ ಹಾಳಾಗುತ್ತೆ ಮೇಡಂ. ಹೆಂಡ್ತಿ ಬೈತಾಳೆ."

ಉತ್ತರ ತುಂಬಾ ಬೇಗ ಬಂತು. ನಿಜ ಹೇಳುವವನಿಗೂ ಉತ್ತರ ಬೇಗ ಬರಬಹುದು, ಅದನ್ನೂ ಯೋಚಿಸಿದೆ. ಆದರೆ ಡಬ್ಬ ಖಾಲಿ ಮಾಡಿ ಆಯಿಲನ್ನು ಏನು ಮಾಡುತ್ತೀಯ ಎಂದು ಕೇಳಿದ್ದಕ್ಕೆ, ಗರಗಸದ ಮಿಲ್ಲಿನವರು ಸರಪಳಿಗೆ ಹಚ್ಚಲು ಒಯ್ಯುತ್ತಾರೆ ಎಂದ. ದುಡ್ಡು ಕೊಡುತ್ತಾರಾ ಎಂದೆ. "ಯಾವಾಗಾದ್ರೂ ಒಂದು ಬ್ರೆಡ್ಡು," ಅಂದ.

"ಬ್ರೆಡ್ಡಂತೆ," ಮಾವ ದಾರಿಯುದ್ದಕ್ಕೂ ನಗುತ್ತಿದ್ದರು.

ಆಗಸ್ಟ್ 27, ಶನಿವಾರ

ತೀರ್ಮಾನ ಮಾಡಿದೆ. ಬೇರೆ ಮಾಲೀಕರೆಲ್ಲ ಮಾಡುವುದನ್ನೇ ಮಾಡಿಸಿದ್ದು. ಡೀಸೆಲ್ ಟ್ಯಾಂಕಿಗೆ ಬೀಗ, ಆಯಿಲ್ ಹಾಕುವ ಮುಚ್ಚಳಕ್ಕೆ ಬೀಗ. ಲಾರಿ ನಿಲ್ದಾಣದ ವೆಲ್ಡರ್ ಆ ರಬ್ಬರ್ ಪೈಪಿನ ಬಾಯಿಗೆ ಒಂದು ಕಬ್ಬಿಣದ ಬಿರಡೆ ಜಡಿದು ಕ್ಲಿಪ್ಪು ಬಿಗಿದ. ಕ್ಲಿಪ್ಪಿನ ತಿರುಪಿನ ಮೇಲೆ ನಾನೇ ಕೆಂಪು ಪೇಂಟಿನ ಗುರುತು ಹಾಕಿದೆ. ಯಾರಾದರೂ ಬಿಚ್ಚಿದರೆ ಪೇಂಟು ಬಿರಿಯುತ್ತದೆ, ತಿಳಿಯುತ್ತದೆ.

ಬೆದಿಯಾಕೊ ಅಷ್ಟೂ ಹೊತ್ತು ಕೈಕಟ್ಟಿ ನಿಂತಿದ್ದ. ಕೊನೆಗೆ, "ಮೇಡಂ, ಅದು ಬ್ರೀದರು. ಎಂಜಿನ್ ಉಸಿರಾಡೋದು ಅಲ್ಲಿಂದ," ಎಂದ.

"ಓಹೋ," ಎಂದರು ಮಾವ, "ಲಾರಿ ಉಸಿರಾಡುತ್ತೆ, ಡ್ರೈವರ್ ಬ್ರೆಡ್ಡು ತಿಂತಾನೆ."

ಸುತ್ತ ನಿಂತವರು ನಕ್ಕರು. ಬೆದಿಯಾಕೊ ನನ್ನ ಮುಖ ನೋಡಿದ. ನಾನು ಬ್ರಷ್ಷನ್ನು ಡಬ್ಬಿಯೊಳಗೆ ಅದ್ದುತ್ತಿದ್ದೆ.

"ಲಾರಿ ನಿಮ್ಮದು," ಎಂದ.

ಇನ್ನು ಒಂದು ತಿಂಗಳು ಆಯಿಲ್ ಎಷ್ಟು ಬೇಕಾಗುತ್ತದೆ ನೋಡೋಣ. ಯಾರನ್ನೂ ಕಳ್ಳ ಎಂದು ಕರೆದಿಲ್ಲ. ಪರೀಕ್ಷೆ ಮಾಡುತ್ತಿದ್ದೇನೆ, ಅಷ್ಟೆ.

ಸೆಪ್ಟೆಂಬರ್ 2, ಶುಕ್ರವಾರ

ಬೆದಿಯಾಕೊನ ಹೆಂಡತಿಯ ಫೋನು ಬಂತು. ಎಜುರಾದಿಂದ ಬರುವ ದಾರಿಯ ಮಾಂಪಾಂಗ್ ಏರಿನಲ್ಲಿ ಲಾರಿಗೆ ಏನೋ ಆಗಿದೆ. ಅವನು ಆಸ್ಪತ್ರೆಯಲ್ಲಿದ್ದಾನೆ. ಕೈ.

ಸೆಪ್ಟೆಂಬರ್ 3, ಶನಿವಾರ

ಎರಡು ಬೆರಳು. ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ್ದು.

ಲಾರಿಯ ಮೇಲೆ ಬರುತ್ತಿದ್ದ ಯಾಮ್ ವ್ಯಾಪಾರದ ಹೆಂಗಸರಿಂದ ಕೇಳಿದ್ದು: ಅರ್ಧ ಏರಿನಲ್ಲಿ ಎಂಜಿನ್ ತಾನಾಗಿಯೇ ಕಿರುಚತೊಡಗಿತು. ಬಿಳಿ ಹೊಗೆ ಎಷ್ಟೆಂದರೆ ಹಿಂದಿನ ರಸ್ತೆ ಕಾಣಲಿಲ್ಲ. ಬೆದಿಯಾಕೊ ಲಾರಿ ನಿಲ್ಲಿಸಿ, ಕೀ ತೆಗೆದು, ಕೀಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ಎಂಜಿನ್ ನಿಲ್ಲಲಿಲ್ಲ. ಇನ್ನೂ ಜೋರಾಯಿತು. ಹೆಂಗಸರನ್ನೆಲ್ಲ ಬೈದು ಇಳಿಸಿದ, ಚಕ್ರಕ್ಕೆ ಕಲ್ಲು ಕೊಟ್ಟ, ಗಾಳಿ ಎಳೆಯುವ ಹೋಸನ್ನು ಕಿತ್ತು ತನ್ನ ಜಾಕೆಟ್ಟನ್ನು ಅದರ ಬಾಯಿಗೆ ತುರುಕಿದ. ಒಳಗೆ ಗಾಳಿ ಎಳೆಯುವ ಟರ್ಬೊ ಚಕ್ರ ಜಾಕೆಟ್ಟಿನ ಜೊತೆ ಕೈಯನ್ನೂ ಎಳೆದುಕೊಂಡಿತು.

"ಹದಿನಾಲ್ಕು ಜನ ಇದ್ದೆವು ಟೀಚರಮ್ಮ," ಎಂದಳು ಅವರಲ್ಲಿ ದೊಡ್ಡವಳು. "ಒಬ್ಬಳ ಬಟ್ಟೆಗೂ ಬೆಂಕಿ ತಾಗಿಲ್ಲ. ಬಿಡೋ ಓಡೋಣ ಅಂತ ಕೂಗಿದ್ವಿ, ಕೇಳ್ಲೇ ಇಲ್ಲ."

ವಾರ್ಡಿನಲ್ಲಿ ಅವನು ಕೇಳಿದ ಮೊದಲ ಮಾತು: "ಯಾಮ್ ಕೆಳಗಿಳಿಸಿದ್ರಾ ಮೇಡಂ? ಬಿಸಿಲಲ್ಲಿ ಬಿಟ್ಟರೆ ಕೊಳೆಯುತ್ತೆ."

ಇಳಿಸಿದ್ದಾರೆ ಎಂದೆ. ಕಿತ್ತಳೆ ಹಣ್ಣು ಇಟ್ಟು ಬಂದೆ. ಒಂದೇ ಕೈಯಲ್ಲಿ ಕಿತ್ತಳೆ ಸುಲಿಯುವುದು ಹೇಗೆ ಎಂದು ಮೆಟ್ಟಿಲು ಇಳಿಯುವಾಗ ಹೊಳೆಯಿತು. ವಾಪಸ್ ಹೋಗಲಿಲ್ಲ.

ಸೆಪ್ಟೆಂಬರ್ 6, ಮಂಗಳವಾರ

ಮಾವ ನನ್ನನ್ನು ಕೇಳದೆಯೇ ಲಾರಿ ನಿಲ್ದಾಣಕ್ಕೆ ಹೋಗಿ ಡ್ರೈವರುಗಳ ಸಂಘದ ಅಧ್ಯಕ್ಷರಿಗೆ ಹೇಳಿ ಬಂದಿದ್ದಾರೆ. ಬೆದಿಯಾಕೊ ಆಯಿಲ್ ಕದಿಯುತ್ತಿದ್ದ, ಅದು ಮುಚ್ಚಿಹೋಗಲೆಂದು ಯಾವುದೋ ಕೆಟ್ಟ ಆಯಿಲ್ ತುಂಬಿಸಿ ಎಂಜಿನ್ ಸುಟ್ಟ ಎಂದು. ಸಂಘದಲ್ಲಿ ಒಮ್ಮೆ ಹಾಗೆ ಹೆಸರು ಬಿದ್ದರೆ ಈ ಊರಿನ ಯಾವ ಮಾಲೀಕನೂ ಅವನ ಕೈಗೆ ಕೀ ಕೊಡುವುದಿಲ್ಲ.

"ನೀವು ಹಾಗೆ ಹೇಳಬಾರದಿತ್ತು ಮಾವ. ನಮಗೆ ಗೊತ್ತಿಲ್ಲವಲ್ಲ."

"ಗೊತ್ತಾಗೋಕೆ ಇನ್ನೇನು ಬೇಕು ನಿನಗೆ? ಅವನೇ ಬಂದು ರುಜು ಹಾಕಿಕೊಡಬೇಕಾ?"

ನಾಳೆ ಶಾಲೆ ತೆರೆಯುತ್ತದೆ. ಪಾಠದ ಟಿಪ್ಪಣಿ ಒಂದೂ ಆಗಿಲ್ಲ.

ಸೆಪ್ಟೆಂಬರ್ 9, ಶುಕ್ರವಾರ

ಲಾರಿಯನ್ನು ಎಳೆಸಿಕೊಂಡು ಜೆಬಿ ಮೇಸ್ತ್ರಿಯ ಹತ್ತಿರ ತಂದಿದ್ದಾರೆ. ಮೇಸ್ತ್ರಿ ಕೆಳಗೆ ಮಲಗಿ ನೋಡಿದ. ಬಹಳ ಹೊತ್ತು ಹೊರಗೆ ಬರಲಿಲ್ಲ.

"ಬ್ರೀದರಿನ ಬಾಯಿ ಯಾರು ಮುಚ್ಚಿದ್ದು?"

ಲಾರಿಯಡಿಯಿಂದ ದನಿ ಮಾತ್ರ ಬಂತು, ಮುಖ ಕಾಣಲಿಲ್ಲ.

"ಒಬ್ಬ ವೆಲ್ಡರ್," ಎಂದೆ.

ಸುಳ್ಳಲ್ಲ.

ಅವನು ಹೊರಗೆ ಬಂದು ಕೈ ಒರೆಸಿಕೊಂಡ. "ಹೊಗೆ ಎಲ್ಲಿಗೆ ಹೋಗ್ಬೇಕು ಮೇಡಂ? ಹೊಟ್ಟೆ ಉಬ್ಬಿದೆ. ಆಯಿಲನ್ನ ಟರ್ಬೊ ಸೀಲಿಂದ ನೂಕಿದೆ. ಅದು ಗಾಳಿ ಜೊತೆ ಸೇರಿ ಎಂಜಿನ್ ಒಳಗೆ ಹೋಗಿದೆ. ಡೀಸೆಲ್ ನಿಲ್ಲಿಸಿದ್ರೂ ತನ್ನ ಆಯಿಲನ್ನೇ ಕುಡಿದು ಓಡಿದೆ. ಗಾಳಿ ಕಟ್ಟೋದು ಬಿಟ್ಟು ನಿಲ್ಲಿಸೋಕೆ ಬೇರೆ ದಾರೀನೇ ಇಲ್ಲ. ಆ ಮನುಷ್ಯ ಜಾಕೆಟ್ ತುರುಕಿದ್ದಕ್ಕೆ ಎಂಜಿನ್ ಉಳಿದಿದೆ."

ಕೆಟ್ಟ ಆಯಿಲ್ ಹಾಕಿದ್ದರೂ ಹೀಗಾಗಬಹುದೇ ಎಂದು ಕೇಳಿದೆ. ಏಕೆ ಕೇಳಿದೆನೋ.

"ಇಲ್ಲ," ಎಂದ.

ಸೆಪ್ಟೆಂಬರ್ 12, ಸೋಮವಾರ

ಏನೂ ಬರೆಯಲು ಆಗುತ್ತಿಲ್ಲ.

ಸೆಪ್ಟೆಂಬರ್ 15, ಗುರುವಾರ

ಅಕ್ರಾದಲ್ಲಿ ಈ ಎಂಜಿನ್ನಿನ ಸೆಪರೇಟರ್ ಸಿಗಲಿಲ್ಲ. ಫೋನಿನಲ್ಲಿ ಮೂರು ಅಂಗಡಿಯವರ ಜೊತೆ ಮಾತಾಡಿದೆ. ಒಬ್ಬ ಇದೆ ಎಂದು ಕಳಿಸಿದ್ದು ಬೇರೆ ಎಂಜಿನ್ನಿನದು. ಹಿಂದಕ್ಕೆ ಕಳಿಸಿದೆ. ಇಲ್ಲೇ ಮಾಡಿ ಎಂದು ಮೇಸ್ತ್ರಿಗೆ ಹೇಳಿದೆ.

ಶಾಲೆ ಮುಗಿಸಿ ನೇರ ಅಲ್ಲಿಗೆ ಹೋಗುತ್ತಿದ್ದೇನೆ. ಏಕೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ. ನಾನು ಕುಳಿತರೆ ಕೆಲಸ ಬೇಗ ಆಗುವುದಿಲ್ಲ. ಒಂದು ಮುರುಕು ಬಸ್ಸಿನ ಸೀಟು ನನ್ನ ಜಾಗ. ಪಕ್ಕದ ಗ್ಯಾರೇಜಿನವರು ಮೊದಲ ದಿನ ಎದ್ದು ನಿಂತರು, ಎರಡನೆಯ ದಿನ ತಲೆ ಆಡಿಸಿದರು. ಇವತ್ತು ಒಬ್ಬ, "ಮೇಡಂ, ಕಾಲು ಎತ್ತಿ, ಪೈಪು ತೆಗೀಬೇಕು," ಎಂದ.

ಸೆಪರೇಟರಿನ ಡಬ್ಬಿಯನ್ನು ಮೇಸ್ತ್ರಿ ಹಳೆಯ ಫೈರ್ ಎಕ್ಸ್‌ಟಿಂಗ್ವಿಷರಿನ ಸಿಲಿಂಡರಿನಿಂದ ಮಾಡುತ್ತಿದ್ದಾನೆ. ಒಳಗೆ ಓರೆಯಾಗಿ ಎರಡು ತಗಡು. ಹೊಗೆ ಅವಕ್ಕೆ ಬಡಿದು ತಿರುಗಬೇಕು, ತಿರುಗುವಾಗ ಆಯಿಲ್ ಗೋಡೆಗೆ ಅಂಟಬೇಕು. ಮೇಲೆ ಜಾಲರಿ. ಕೆಳಗೆ ಆಯಿಲ್ ವಾಪಸ್ ಇಳಿಯಲು ಸಣ್ಣ ಪೈಪು. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ತುಂಬಿದರೆ ಆಗದೇ ಎಂದು ಕೇಳಿದೆ.

"ಸುಮಾರು ಜನ ಅದನ್ನೇ ತುಂಬ್ತಾರೆ. ಆರು ತಿಂಗಳಿಗೆ ನಾರು ಉದುರಿ ಎಂಜಿನ್ ಒಳಗೆ ಹೋಗುತ್ತೆ. ನಿಮ್ಮಮ್ಮ ಆಗಿದ್ರೆ ನನ್ನ ಕಿವಿ ಹಿಂಡ್ತಿದ್ರು."

ಹಿಟ್ಟು ಜರಡಿಯ ಸ್ಟೀಲ್ ಬಲೆಯನ್ನು ವೃತ್ತವಾಗಿ ಕತ್ತರಿಸಿ ಒಂದರ ಮೇಲೊಂದು ಹೊಲಿದ. ಏಳು ಪದರ. ನಾನು ಹಿಡಿದುಕೊಂಡೆ. ಕಿರುಬೆರಳು ಗೀರಿಕೊಂಡಿತು, ದೊಡ್ಡದೇನಲ್ಲ.

ಸೆಪ್ಟೆಂಬರ್ 17, ಶನಿವಾರ

ಮೇಸ್ತ್ರಿಗೆ ಹೇಳಿದೆ. ಅವನು ಬೆಸುಗೆಯ ಗಾಜು ಮುಖಕ್ಕೆ ಹಿಡಿದಿದ್ದಾಗ ಹೇಳಿದೆ, ಹಾಗಾಗಿ ಕೇಳಿಸಿತೋ ಇಲ್ಲವೋ ಎಂದು ಎರಡನೇ ಸಲ ಹೇಳಬೇಕಾಯಿತು.

"ಗೊತ್ತು ಮೇಡಂ. ನಿಲ್ದಾಣದಲ್ಲಿ ಎಲ್ಲರ ಎದುರಿಗೇ ಮುಚ್ಚಿಸಿದ್ರಿ."

"ಮತ್ತೆ ಯಾರೂ ಅದನ್ನು ಏಕೆ ಹೇಳುತ್ತಿಲ್ಲ?"

"ಎಲ್ಲ ಮಾಲೀಕರೂ ಏನಾದ್ರೊಂದು ಮುಚ್ಚಿಸ್ತಾನೇ ಇರ್ತಾರೆ. ಬೀಗ ಅಂತಷ್ಟೇ ನೋಡಿದಾರೆ. ಯಾವ ಪೈಪು ಅಂತ ಯಾರು ಬಗ್ಗಿ ನೋಡ್ತಾರೆ?"

ಬಿರಡೆ ಎಲ್ಲಿದೆ ಎಂದು ಕೇಳಿದೆ. ಅದನ್ನು ಹಿಡಿದುಕೊಂಡು ಸಂಘಕ್ಕೆ ಹೋಗಬೇಕು ಎಂದು ಬರುವ ದಾರಿಯಲ್ಲಿ ಯೋಚಿಸಿದ್ದೆ. ಗುಜರಿಯವರು ಗುರುವಾರವೇ ತೂಕಕ್ಕೆ ಹಾಕಿಕೊಂಡು ಹೋಗಿದ್ದಾರೆ. ಪೈಪನ್ನೂ.

"ಮೊದಲು ಬೆದಿಯಾಕೊ ಮನೆಗೆ ಹೋಗಿ," ಎಂದ ಮೇಸ್ತ್ರಿ. "ಒಬ್ಬರೇ ಹೋಗ್ಬೇಡಿ. ಹಿರಿಯರನ್ನ ಕರ್ಕೊಂಡು, ಒಂದು ಜಿನ್ ಬಾಟ್ಲಿ ತಗೊಂಡು, ಕ್ರಮವಾಗಿ ಹೋಗಿ. ಒಬ್ಬರೇ ಹೋದ್ರೆ ಅದು ಮಾತಾಡಿಸಿದ ಹಾಗೆ ಆಗುತ್ತೆ, ಕೇಳ್ಕೊಂಡ ಹಾಗೆ ಆಗಲ್ಲ."

ಹಿರಿಯರು ಎಂದರೆ ನನಗೆ ಮಾವ ಒಬ್ಬರೇ.

ಸೆಪ್ಟೆಂಬರ್ 25, ಭಾನುವಾರ

ಚರ್ಚಿನಿಂದ ನೇರ ಹೋದೆವು. ಮಾವನನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಹೇಳಬೇಕಾದ್ದನ್ನು ಮೂರು ಸಲ ಹೇಳಿಕೊಟ್ಟಿದ್ದೆ, ಪಾಠ ಹೇಳಿದ ಹಾಗೆ.

ನೀರು ಕೊಟ್ಟರು. ಬೆದಿಯಾಕೊ ಕಡೆಯಿಂದ ಮಾತಾಡಲು ಪಕ್ಕದ ಮನೆಯ ಮುದುಕರು ಕುಳಿತಿದ್ದರು. ಬೆದಿಯಾಕೊ ಕೈಯನ್ನು ಬಟ್ಟೆಯ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಇಲ್ಲಿ ಎಲ್ಲ ತಣ್ಣಗಿದೆ," ಎಂದರು ಮುದುಕರು. "ದಾರಿ ನಡೆದು ಬಂದವರು ನೀವು. ಬಂದ ಕಾರಣ ಹೇಳಿ."

ಮಾವ ಗಂಟಲು ಸರಿಮಾಡಿಕೊಂಡರು. ಅವರ ಮಾತು ಬಹಳ ಚೆನ್ನಾಗಿರುತ್ತದೆ. ಅದೇ ತೊಂದರೆ. "ನಮ್ಮ ಡುಫಿಯೆ ಓದಿದವಳು, ಆದರೂ ಅಹಂಕಾರ ಇಲ್ಲ. ಲಾರಿ ಹಾಳಾಯ್ತು, ಅವಳು ಒಂದು ಮಾತು ಆಡಲಿಲ್ಲ. ಡ್ರೈವರ್ ಕಡೆಯಿಂದ ಏನು ತಪ್ಪಾಗಿದ್ರೂ ನದಿಗೆ ಬಿಟ್ಟಿದೀವಿ. ಅವನ ಕೈ ವಾಸಿಯಾಗಲಿ ಅಂತ ಈ ಬಾಟ್ಲಿ..."

"ಮಾವ, ಅದಲ್ಲ," ಎಂದೆ.

ಅವರು ನಿಲ್ಲಿಸಲಿಲ್ಲ. ನಾನು ಮತ್ತೆ ಹೇಳಿದೆ. ಮುದುಕರು ಕೈ ಎತ್ತಿದರು. "ಮಗಳೇ, ನಿನ್ನ ಪರವಾಗಿ ಮಾತಾಡೋರು ಇದಾರೆ. ಮಧ್ಯೆ ಬಾಯಿ ಹಾಕಿದ್ರೆ ಬಂದ ಕೆಲಸ ಕೆಡುತ್ತೆ."

"ಕೆಟ್ಟೇ ಇದೆ ತಾತ," ಎಂದೆ. ಮುಂದಿನದನ್ನು ನಾನು ನಿಂತುಕೊಂಡು ಹೇಳಿದೆನಂತೆ. ಕುಳಿತೇ ಇದ್ದೆ ಎಂದು ನನ್ನ ನೆನಪು. ಬಿರಡೆ ಹಾಕಿಸಿದ್ದು ನಾನು, ಗುರುತು ಹಾಕಿದ್ದು ನಾನು, ಅದು ಬ್ರೀದರ್ ಎಂದು ನೀವು ಹೇಳಿದ್ದೂ ನನಗೆ ಕೇಳಿಸಿತ್ತು ಎಂದು ಹೇಳಿದೆ.

ಬೆದಿಯಾಕೊ ಮುದುಕರ ಮೂಲಕ ಅಲ್ಲ, ನೇರ ನನಗೇ ಉತ್ತರ ಕೊಟ್ಟರು.

"ಎಜುರಾದಲ್ಲಿ ಲೋಡು ಹಾಕೋವಾಗ್ಲೇ ಎಲ್ಲಾ ಸಂದಿಯಿಂದ ಆಯಿಲ್ ಒಸರ್ತಿತ್ತು ಮೇಡಂ. ಇದು ಏರಲ್ಲಿ ಕೈ ಕೊಡುತ್ತೆ ಅಂತ ಅನ್ನಿಸ್ತು. ಆ ಕ್ಲಿಪ್ಪು ಬಿಚ್ಚೋಕೆ ಒಂದು ಸ್ಕ್ರೂಡ್ರೈವರ್ ಸಾಕಿತ್ತು. ಕೈಯಲ್ಲಿ ಹಿಡ್ಕೊಂಡು ಕೆಳಗೆ ಮಲಗಿದ್ದೆ ಕೂಡ."

"ಬಿಚ್ಚಬೇಕಿತ್ತು."

"ಮೇಲೆ ನಿಮ್ಮ ಕೆಂಪು ಗುರುತಿತ್ತಲ್ಲ. ಒಡೆದು ತಂದಿದ್ರೆ ಲಾರಿ ಸರಿಯಾಗಿ ಬರೋದು. ನೀವು ಮೊದಲು ನೋಡೋದು ಗುರುತನ್ನ. ಲಾರಿ ಚೆನ್ನಾಗಿದೆ ಅಂತೀರಾ, ಬೆದಿಯಾಕೊ ಕಳ್ಳ ಅಂತೀರಾ?"

ಕಳ್ಳ ಎನ್ನುತ್ತಿದ್ದೆ. ಅದನ್ನು ಅಲ್ಲಿ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಬಾಟಲಿಯನ್ನು ಅವರು ಪಕ್ಕಕ್ಕಿಟ್ಟರು, ಮುಚ್ಚಳ ತೆಗೆಯಲಿಲ್ಲ. "ನಿಲ್ದಾಣದಲ್ಲಿ ಹೇಳಿ ಮೇಡಂ. ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತೆ. ನನ್ನ ಹೆಸರು ಬಿದ್ದಿರೋದು ಅಲ್ಲಿ."

ಮಾವ ತಮ್ಮ ಮನೆಯ ತಿರುವಿನಲ್ಲಿ ಇಳಿಯುತ್ತಾ, "ನಿನ್ನ ತಾಯಿ ಇದ್ದಿದ್ರೆ ನನ್ನನ್ನ ಹೀಗೆ ನಾಲ್ಕು ಜನರ ಎದುರು ಕೂರಿಸಿ ಅವಮಾನ ಮಾಡ್ತಿರ್ಲಿಲ್ಲ," ಎಂದರು. ಅಮ್ಮ ಇದ್ದಿದ್ದರೆ ಅಲ್ಲಿಗೆ ಹೋಗುವ ಕೆಲಸವೇ ಬರುತ್ತಿರಲಿಲ್ಲ.

ಅಕ್ಟೋಬರ್ 4, ಮಂಗಳವಾರ

ಬೆಳಗಿನ ಎರಡು ಪಿರಿಯಡ್ ಬೇರೆಯವರಿಗೆ ಕೊಟ್ಟು ನಿಲ್ದಾಣಕ್ಕೆ ಹೋದೆ. ಅಧ್ಯಕ್ಷರು ಮೈಕು ಕೊಟ್ಟರು. ಬಸ್ಸುಗಳ ಹೆಸರು ಕೂಗುವ ಮೈಕು. ಎಲ್ಲ ಹೇಳಿದೆ. ಬ್ರೀದರ್, ಬಿರಡೆ, ಗುರುತು, ಆಯಿಲ್ ಕಳ್ಳತನ ಇಲ್ಲವೇ ಇಲ್ಲ ಎನ್ನುವುದು. ತರಗತಿಯಲ್ಲಿ ಮಾತಾಡುವ ಹಾಗೆ ನಿಧಾನವಾಗಿ, ಬಿಡಿಸಿ ಹೇಳಿದೆ. ನನ್ನ ದನಿ ನಡುಗಲಿಲ್ಲ. ಈಗ ಅನ್ನಿಸುತ್ತಿದೆ, ನಡುಗಿದ್ದರೆ ನಂಬುತ್ತಿದ್ದರೇನೋ.

ಚಪ್ಪಾಳೆ ತಟ್ಟಿದರು.

"ನೋಡ್ರೋ, ಮಾಲೀಕರು ಅಂದ್ರೆ ಹೀಗಿರ್ಬೇಕು!" ಎಂದ ಒಬ್ಬ. "ಬೆರಳು ಹೋದವನ ಮೇಲೆ ಕರುಣೆ ತೋರಿಸಿ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೋತಾ ಇದಾರೆ."

"ಕರುಣೆ ಅಲ್ಲ. ನಿಜ," ಎಂದೆ.

"ಹೌದು ಹೌದು ಟೀಚರಮ್ಮ," ಎಂದರು ಅಧ್ಯಕ್ಷರು, ನನ್ನ ಕೈಯಿಂದ ಮೈಕನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಾ. "ನಿಮ್ಮ ಮಾವನವರು ಮೊದಲೇ ಫೋನ್ ಮಾಡಿ ಹೇಳಿದಾರೆ, ನೀವು ಮನಸ್ಸಿಗೆ ತುಂಬಾ ಹಚ್ಕೊಂಡಿದೀರಿ ಅಂತ. ದೇವರು ನಿಮಗೆ ಒಳ್ಳೇದು ಮಾಡ್ಲಿ."

ಆ ದಿನ ಪೈಪು ಮುಚ್ಚಿದ ವೆಲ್ಡರನ್ನು ಹುಡುಕಿದೆ. ಅವನು ತನ್ನ ಅಂಗಡಿಯೊಳಗೆ ಹೋಗಿಬಿಟ್ಟ. ಹಿಂದೆಯೇ ಹೋದೆ. "ಮೇಡಂ, ನಂಗೂ ಮಕ್ಕಳಿದಾರೆ," ಎಂದ. "ನಾನು ಅಂಥ ಪೈಪು ಮುಚ್ಚಿದೆ ಅಂತ ಗೊತ್ತಾದ್ರೆ ನಂಗ್ಯಾರು ಕೆಲಸ ಕೊಡ್ತಾರೆ?"

ಅವನ ಅಂಗಡಿಯಿಂದ ಹೊರಗೆ ಬಂದೆ.

ಸಂಜೆ ಬೆದಿಯಾಕೊ ಅವರ ಮನೆಗೆ ಒಬ್ಬಳೇ ಹೋದೆ. ನಡೆದದ್ದನ್ನು ಆಗಲೇ ಕೇಳಿದ್ದರು. ಅಂದಿನ ಬಾಟಲಿಯನ್ನು ಈಗ ತೆಗೆದು, ಗತಿಸಿದ ಹಿರಿಯರಿಗೆಂದು ನೆಲಕ್ಕೆ ಎರಡು ಹನಿ ಬಿಟ್ಟು, ಮುಚ್ಚಳದಲ್ಲಿ ಒಂದು ಗುಟುಕು ಕುಡಿದರು.

"ನೀವು ಹೇಳಿದ್ರಿ. ಅವರು ಕೇಳ್ಲಿಲ್ಲ. ಅದು ನಿಮ್ಮ ತಪ್ಪಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಬೇರೆ ಯಾರೂ ಅವರನ್ನು ಕರೆದಿಲ್ಲ. ಎರಡು ಕಡೆ ಕೇಳಿದರಂತೆ. ಒಂದು ಕಡೆ, "ಆಯಿಲ್ ಬೆದಿಯಾಕೊ ಅಲ್ವಾ?" ಎಂದು ನಕ್ಕರಂತೆ. ಕೈ ವಾಸಿಯಾದ ಮೇಲೆ ಅಮ್ಮನ ಲಾರಿಗೇ ಬನ್ನಿ ಎಂದೆ. ಯೋಚಿಸಿ ಹೇಳ್ತೀನಿ ಎಂದರು.

ಅಕ್ಟೋಬರ್ 21, ಶುಕ್ರವಾರ

ಬರುತ್ತಾರೆ. ಬೆದಿಯಾಕೊ ಅವರಲ್ಲ, ಅವರ ಹೆಂಡತಿ ಫೋನು ಮಾಡಿ ಹೇಳಿದ್ದು.

ಡಬ್ಬಿ ಕೂರಿಸಿಯಾಯಿತು. ಟರ್ಬೊ, ಸೀಲುಗಳು ಎಲ್ಲ ಆಯಿತು. ಮೇಸ್ತ್ರಿ ಎಂಜಿನ್ ಚಾಲೂ ಮಾಡಿ ಬ್ರೀದರಿನ ಬಾಯಿಗೆ ಬಿಳಿ ಕಾಗದ ಹಿಡಿಯಲು ನನಗೆ ಕೊಟ್ಟ. ಹತ್ತು ನಿಮಿಷ ಹಿಡಿದೆ. ಬೆಚ್ಚನೆಯ ಗಾಳಿ ಬರುತ್ತಿತ್ತು, ಮಲಗಿದವರ ಉಸಿರಿನಷ್ಟು. ಕಾಗದದ ಮೇಲೆ ಆಯಿಲಿನ ಚುಕ್ಕೆ ಒಂದೂ ಇಲ್ಲ. ಬೀಗಗಳನ್ನೆಲ್ಲ ಗ್ಯಾಸಿನಲ್ಲಿ ಕತ್ತರಿಸಿ ತೆಗೆಸಿದೆ. ಮಾವ ಮನೆಗೆ ಬರುವುದು ಬಿಟ್ಟಿದ್ದಾರೆ.

ಅಕ್ಟೋಬರ್ 29, ಶನಿವಾರ

ಮೊದಲ ಟ್ರಿಪ್ಪು. ನಾನೂ ಹೋದೆ. ಡ್ರೈವರಿನ ಪಕ್ಕ ಅಮ್ಮ ಕೂರುತ್ತಿದ್ದ ಜಾಗ, ಸ್ಪ್ರಿಂಗು ಒಂದು ಕಡೆ ಕುಸಿದಿದೆ. ಬೆದಿಯಾಕೊ ಅವರು ಗೇರಿನ ಗುಂಡನ್ನು ಮೂರು ಬೆರಳಲ್ಲಿ ಹಿಡಿಯದೆ ಅಂಗೈಯಿಂದ ನೂಕುತ್ತಿದ್ದರು. ಮಾತು ಕಡಿಮೆ. ಮೊದಲಿನ ಹಾಗೆ ತಮಾಷೆ ಮಾಡಲಿಲ್ಲ.

ಮಾಂಪಾಂಗ್ ಏರನ್ನು ಇಳಿದು ಅದರ ಬುಡದಲ್ಲಿ ಲಾರಿ ನಿಲ್ಲಿಸಿದರು. ಏನಾಯಿತು ಎಂದೆ. ಏನಿಲ್ಲ ಎಂದು ಇಳಿದು ಹೋದರು. ಬಾನೆಟ್ ತೆಗೆದ ಸದ್ದು. ಸ್ವಲ್ಪ ಹೊತ್ತಿಗೆ ನನ್ನ ಕಿಟಕಿಯ ಕೆಳಗೆ ಬಂದು ನಿಂತರು. ಕೈಯಲ್ಲಿ ಆಯಿಲ್ ನೋಡುವ ಕಡ್ಡಿ, ಹನಿ ಬೀಳದಂತೆ ಕೆಳಗೆ ಹಳೇ ಬಟ್ಟೆ.

"ನೋಡಿ ಮೇಡಂ."

"ಬೇಡ ಬೆದಿಯಾಕೊ ಅವರೇ. ನಾನು ಕೇಳಲಿಲ್ಲವಲ್ಲ."

"ಕೇಳ್ಲಿಲ್ಲ, ಗೊತ್ತು. ನೋಡಿ."

ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಕಡ್ಡಿಯನ್ನು ಬಿಸಿಲಿಗೆ ತಿರುಗಿಸಿ, ನನಗೆ ಕಾಣುವ ಎತ್ತರಕ್ಕೆ ಹಿಡಿದು ಕಾಯುತ್ತಾ ನಿಂತರು. ಆಯಿಲ್ ಮೇಲಿನ ಗೆರೆಗೆ ಸರಿಯಾಗಿ ಮುಟ್ಟಿತ್ತು.

"ಸರಿಯಾಗಿದೆ," ಎಂದೆ.

ಒರೆಸಿ ಒಯ್ದರು.

ಎಜುರಾ ತಲುಪಿದ ಮೇಲೆ ಮತ್ತೆ ತಂದರು. ಲೋಡು ಆದ ಮೇಲೆ, ಯಾಮ್ ಹೆಂಗಸರ ಎದುರಿಗೇ. ಕುಮಾಸಿಯಲ್ಲಿ ಲಾರಿ ನಿಲ್ಲಿಸಿ, ನಾನು ಇಳಿಯುವ ಮೊದಲು, ಇನ್ನೊಮ್ಮೆ. ಪ್ರತಿ ಸಲವೂ ಬೇಡ ಎಂದೆ. ಪ್ರತಿ ಸಲವೂ ನೋಡಿದೆ.